ಮೂರನೆಯ ಸಾಲು

ಶಹಾಬಾದ
ಗುರುವಾರ, ೨ ಸೆಪ್ಟೆಂಬರ್ ೧೯೫೪

ಚಿ. ಸೌ. ಗುರುದೇವಿಗೆ,

ಇಲ್ಲಿ ಆಶೀರ್ವಾದ ಎಂದು ಬರೆಯುವುದು ರೂಢಿ. ನಿನಗಿಂತ ಐದೇ ವರ್ಷ ದೊಡ್ಡವನಾದ ನನಗೆ ಆ ಮಾತು ಬರೆಯುವಾಗ ಪ್ರತಿ ಸಲವೂ ನಾಚಿಕೆಯಾಗುತ್ತದೆ. ಆದ್ದರಿಂದ ಬರೀ ನೆನಪುಗಳು. ಇಲ್ಲಿ ಶಾಲೆ ಕ್ಷೇಮ, ಬೆಕ್ಕು ಕ್ಷೇಮ, ನೀನು ಹಿತ್ತಲಲ್ಲಿ ಹಚ್ಚಿದ ದಾಸವಾಳವೂ ಕ್ಷೇಮ. ಮಳೆ ಬಂದ ಮೇಲೆ ಅದು ಗೋಡೆಗಿಂತ ಎತ್ತರ ಬೆಳೆದಿದೆ.

ಪತ್ರ ತಡವಾಯಿತು, ಕ್ಷಮಿಸು. ನಾಲ್ಕು ಸಲ ಬರೆಯಲು ಕುಳಿತು ನಾಲ್ಕು ಸಲವೂ ಎದ್ದೆ. ಹಿಂದಿನ ಮೂರು ಪತ್ರಗಳಿಗೆ ನೀನು ಉತ್ತರ ಬರೆಯಲಿಲ್ಲ. ಇದು ದೂರಲ್ಲ. ಏಳು ತಿಂಗಳ ಹಿಂದೆ ನಿಮ್ಮ ತಂದೆ ಬಂದು ನಿನ್ನನ್ನು ಚಿಂಚೋಳಿಗೆ ಕರೆದುಕೊಂಡು ಹೋದಾಗ ಬಾಗಿಲಲ್ಲಿ ನಿಂತು ಒಂದು ಮಾತೂ ಆಡದವನು, ಉತ್ತರ ಬರಲಿಲ್ಲವೆಂದು ಯಾವ ಬಾಯಿಂದ ಕೇಳಲಿ.

ಕಳೆದ ವಾರ ವಾಡಿ ಸ್ಟೇಷನ್ನಿನಲ್ಲಿ ನಿನ್ನ ತಮ್ಮ ಸಾಯಬಣ್ಣ ಸಿಕ್ಕಿದ್ದ. ಚಹಾ ಕುಡಿಸಿ, ಅಕ್ಕ ಹೇಗಿದ್ದಾಳೆ ಎಂದು ಕೇಳಿದೆ. ಅವನು ಬಟ್ಟಲು ಕೆಳಗಿಟ್ಟು, "ಮಾಮಾ, ಆಕಿ ಯಾರ ಜೋಡಿನೂ ಭಾಳ ಮಾತಾಡಂಗಿಲ್ಲ. ಕೇಳಿದ್ರ ಒಂದೇ ಮಾತು ಅಂತಾಳ. 'ಕೂಸು ನನ್ನ ಹೊಟ್ಟಿಯೊಳಗೇ ಸತ್ತಿತ್ತು. ಸತ್ತ ಕೂಸಿನ್ನ ಹೊತ್ಕೊಂಡು ನಕ್ಕೋತ ತಿರಗೀನಿ. ಇನ್ನ ಅವರ ಮನಿಗಿ ಯಾವ ಮಾರಿ ತಗೊಂಡು ಹೋಗ್ಲಿ' ಅಂತಾಳ" ಎಂದ. ಅಷ್ಟರಲ್ಲಿ ಗಾಡಿ ಬಂತು. ಅವನು ಹತ್ತಿದ. ನಾನು ಎರಡು ಬಟ್ಟಲು ಎದುರಿಗಿಟ್ಟುಕೊಂಡು ಅಲ್ಲೇ ಕೂತಿದ್ದೆ.

ಆ ಮಾತಿಗೆ ಉತ್ತರ ಬರೆಯಲೆಂದೇ ಇವತ್ತು ಕೂತದ್ದು. ಆದರೆ ನನ್ನ ಸ್ವಭಾವ ನಿನಗೆ ಗೊತ್ತು. ಹೇಳಬೇಕಾದದ್ದನ್ನು ಬಿಟ್ಟು ಸುತ್ತಲಿನದೆಲ್ಲ ಹೇಳುತ್ತೇನೆ. ಸುತ್ತಲಿನದು ಅಂದರೆ ಶಾಲೆ.

ಈ ವರ್ಷ ಮೂರನೆಯ ಇಯತ್ತೆಗೆ ನಿಸರ್ಗಪಾಠ ಹೊಸದಾಗಿ ಬಂದಿದೆ. ಕಲಿಸುವವನು ನಾನು. ಹೆಡ್‌ಮಾಸ್ತರ್ ಗುಲಾಮ ದಸ್ತಗೀರ ಸಾಹೇಬರು ಪುಸ್ತಕ ನನ್ನ ಕೈಗಿಟ್ಟಾಗ, "ಸಾಹೇಬ್ರ, ನಾನು ಓದಿದ್ದು ಸಾಹಿತ್ಯ" ಎಂದೆ. "ಅದಕ್ಕೇ ನಿಮಗ ಕೊಡಾಕತ್ತೀನಿ" ಎಂದರು. "ಈ ಕಿತಾಬು ಕನ್ನಡದಾಗ ಅದ. ನೀವು ಕನ್ನಡದಾಗ ಬಿ.ಎ. ಇದ್ದೀರಿ. ನಾ ಉರ್ದು ಮಾಸ್ತರ್, ಕೂಡಿಸಿ ಓದೋದ್ರಾಗ ಪಾಠದ ಕಪ್ಪಿ ಸತ್ತೇ ಹೋಗ್ತದ."

ಮೊದಲನೆಯ ಪಾಠ, ಜೀವಿಗಳು ಮತ್ತು ನಿರ್ಜೀವಿಗಳು. ಪಡಸಾಲೆಯ ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ಎರಡು ಉದ್ದ ಗೆರೆ ಎಳೆದು, ಮನೆಯಿಂದ ಏನಾದರೂ ತಂದು ಸರಿಯಾದ ಸಾಲಿಗೆ ಇಡಿರಿ ಎಂದೆ. ಬೆಂಕಿಪೊಟ್ಟಣ, ಶಂಖದ ಹುಳು, ತುಳಸಿ, ಬೀಗದ ಕೈ, ಕೋಳಿಯ ಪುಕ್ಕ, ಎಲ್ಲಾ ಬಂದವು. ಜಟ್ಟೆಪ್ಪನೆಂಬ ಹುಡುಗ ಕಂಕುಳಲ್ಲಿ ಒಂದು ಕೋಳಿಯನ್ನೇ ತಂದ. ಅದು ಸಾಲಿನಲ್ಲಿ ನಿಲ್ಲದೆ ಆಫೀಸಿಗೆ ಓಡಿ ಹಾಜರಿ ಪುಸ್ತಕದ ಮೇಲೆ ಕೂತಿತು. ದಸ್ತಗೀರ ಸಾಹೇಬರು ಅಲ್ಲಿಂದಲೇ ಕೂಗಿದರು, "ರೇವಣಪ್ಪ, ಇದರ ಹೆಸರು ಏನ್ರಿ? ಹಾಜರಿ ಹಾಕ್ತೀನಿ."

ಆಗ ಲತೀಫಾ ಎಂಬ ಹುಡುಗಿ ಎದ್ದು ಬಂದಳು. ಎಂಟು ವರ್ಷ, ಎರಡು ಜಡೆ, ಮಾತು ಕಡಿಮೆ. ನೆಲಕ್ಕೆ ಹಾಸುವ ಪರಸಿ ಕಲ್ಲಿನ ಅಂಗೈಯಷ್ಟಗಲದ ಚೂರೊಂದನ್ನು ತಂದು ಜೀವಿಗಳ ಸಾಲಿನಲ್ಲಿ, ತುಳಸಿಯ ಪಕ್ಕದಲ್ಲಿ ಇಟ್ಟಳು. ಮಕ್ಕಳೆಲ್ಲ ನಕ್ಕರು. ನಾನೂ ನಕ್ಕೆ ಎಂದು ಒಪ್ಪಿಕೊಳ್ಳಬೇಕು. ಕಲ್ಲನ್ನು ಎತ್ತಿ ಆಚೆಯ ಸಾಲಿಗೆ ಇಟ್ಟೆ. ಅವಳು ಅದನ್ನು ಎತ್ತಿ ಮತ್ತೆ ಈಚೆ ಇಟ್ಟಳು.

"ಇದಕ್ಕ ಜೀವ ಅದರಿ ಸರ್. ನೀವು ಬಡದು ನೋಡಿಲ್ಲ" ಎಂದಳು. ಇನ್ನೊಂದು ಕಲ್ಲಿನಿಂದ ಬಡಿದಳು. ಠಣ್ ಎಂದಿತು, ಗುಡಿಯ ಗಂಟೆಯ ಹಾಗೆ. ಆಮೇಲೆ ಕಾಲ ಕೆಳಗಿನ ಹಾಸುಗಲ್ಲಿಗೆ ಬಡಿದಳು. ಥಪ್ ಎಂದಿತು. "ಇದು ಸತ್ತದ" ಎಂದಳು.

"ಪುಸ್ತಕದಲ್ಲಿ ಹಾಗಿಲ್ಲ. ಕೂತುಕೋ" ಎಂದೆ. ಕೂತಳು. ಕಲ್ಲನ್ನು ಮಾತ್ರ ಮುಟ್ಟಲಿಲ್ಲ. ಸಂಜೆ ಎಲ್ಲರೂ ಹೋದ ಮೇಲೆ ಅದು ಜೀವಿಗಳ ಸಾಲಿನಲ್ಲೇ ಇತ್ತು.

ಅವಳು ಸೂಲಗಿತ್ತಿ ಅಮೀರ್ಬೀಯ ಮೊಮ್ಮಗಳು. ಆ ಹೆಸರು ಓದಿ ನಿನಗೆ ಹೇಗಾದೀತೆಂದು ಗೊತ್ತು. ಬರೆಯದೆ ಇರುವುದೂ ಸರಿ ಅನಿಸಲಿಲ್ಲ.

ಮುಂದಿನ ಪಾಠ ಬೀಜದ್ದು. ನಿಮ್ಮ ಹೊಲದಲ್ಲಿ ಹಿಂಗಾರಿಗೆ ಯಾವ ಜೋಳ ಬಿತ್ತುತ್ತಾರೆ?

ಮೈ ಕಡೆ ನಿಗಾ ಇರಲಿ. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ
ರೇವಣಪ್ಪ

ತಾ.ಕ.: ಬರೆಯಲೆಂದು ಕೂತ ಉತ್ತರ ಈ ಪತ್ರದಲ್ಲಿಲ್ಲ. ನೀನು ಗಮನಿಸಿರುತ್ತೀ.

*

ಶಹಾಬಾದ
ಬುಧವಾರ, ೧೫ ಸೆಪ್ಟೆಂಬರ್ ೧೯೫೪

ಪ್ರೀತಿಯ ಗುರುದೇವಿ,

ಸಾಯಬಣ್ಣ ಚಿಂಚೋಳಿಯಿಂದ ಸೇಡಂವರೆಗೆ ಬಸ್ಸಿನಲ್ಲಿ, ಅಲ್ಲಿಂದ ರೈಲಿನಲ್ಲಿ ತಂದ ಗಂಟು ನಿನ್ನೆ ಕೈಸೇರಿತು. ಹಳೆಯ ಕುಪ್ಪಸದ ಬಟ್ಟೆಯಲ್ಲಿ ಒಂದು ಹಿಡಿ ಬಿಳಿಜೋಳ, ಒಳಗೊಂದು ಚೀಟಿ. "ನಮ್ಮ ಹೊಲದ್ದು. ಆ ಹುಡುಗಿಗಿ ಬೈಬ್ಯಾಡ್ರಿ." ಏಳು ತಿಂಗಳಲ್ಲಿ ನಿನ್ನಿಂದ ಬಂದ ಮಾತು ಇಷ್ಟೇ. ಎಷ್ಟು ಸಲ ಓದಿದೆನೆಂದು ಬರೆದರೆ ನಗುತ್ತೀ. ನಿನ್ನ 'ಡ' ಇನ್ನೂ ಹೊಟ್ಟೆ ಮುಂದೆ ಮಾಡಿಕೊಂಡೇ ನಿಲ್ಲುತ್ತದೆ.

ನೀನು ಹೇಳುವ ಮೊದಲೇ ಬೈದಾಗಿತ್ತು. ಅದು ಮನಸ್ಸಿನಲ್ಲಿ ಕೊರೆಯುತ್ತಿತ್ತು. ಹಿಂದಿನ ಭಾನುವಾರ ಎದ್ದವನೇ ಊರ ಹೊರಗಿನ ಕಲ್ಲಿನ ಖಣಿಗೆ ಹೋದೆ. ಲತೀಫಾಳ ತಂದೆ ಫಕೀರಸಾಬ ಅಲ್ಲಿ ಪರಸಿ ಎಬ್ಬಿಸುವ ಕೆಲಸ ಮಾಡುತ್ತಾನೆ. ರಜೆಯ ದಿನವೂ ಕೆಲಸ ನಡೆದಿತ್ತು. ನನ್ನನ್ನು ಕಂಡು, "ಬರ್ರಿ ಮಾಸ್ತರ್, ಕುಂದ್ರಿ" ಎಂದ. ಎಲ್ಲಿ ಎಂದು ನೋಡಿದೆ. "ಎಲ್ಲಿ ಬೇಕಾದ್ರ ಕುಂದ್ರಿ, ಇಲ್ಲಿ ನೆಲಾ ಎಲ್ಲಾ ಹಾಸೇ ಅದ" ಎಂದು ನಕ್ಕ.

ಬಂದ ಕಾರಣ ಹೇಳಿದೆ. ಅವನು ನಗಲಿಲ್ಲ. ಎಬ್ಬಿಸಿಟ್ಟ ದೊಡ್ಡ ಹಾಸುಗಳ ಹತ್ತಿರ ಕರೆದೊಯ್ದು, ಸಣ್ಣ ಸುತ್ತಿಗೆಯಿಂದ ಒಂದಕ್ಕೆ ಬಡಿದ. ದನಿ ಖಣಿಯ ಆಚೆ ಗೋಡೆಗೆ ಹೋಗಿ ಬಂತು. "ಇದಕ್ಕ ಜೀವ ಅದ." ಅದರ ಪಕ್ಕದ್ದಕ್ಕೆ ಬಡಿದ. ನೋಡಲು ಎರಡೂ ಒಂದೇ ಬಣ್ಣ, ಒಂದೇ ನುಣುಪು. ಅದು ಒದ್ದೆ ಗೋಣಿಚೀಲಕ್ಕೆ ಬಡಿದಂತೆ ಕೇಳಿಸಿತು. "ಇದು ಮುರ್ದಾ. ಒಳಗ ಕಾಣದ ಬಿರುಕು ಇರ್ತದ ಮಾಸ್ತರ್. ಗಾಡಿ ಹತ್ತಿಸೋದ್ರಾಗ ಎರಡು ತುಂಡು ಆಗ್ತದ. ಕಣ್ಣಿಗಿ ತಿಳೀದಿಲ್ಲ. ಕಿವಿಗಿ ತಿಳೀತದ."

"ಆದರೆ ಇದು ಉಣ್ಣುವುದಿಲ್ಲ, ಬೆಳೆಯುವುದಿಲ್ಲ, ಮರಿ ಹಾಕುವುದಿಲ್ಲ. ಜೀವ ಹೇಗೆ?" ಎಂದೆ.

"ಅದು ನಿಮ್ಮ ಕಿತಾಬಿನ ಜೀವ. ಇದು ನಮ್ಮ ಬಾಯಾಗಿನ ಜೀವ. ಮಳಿ ಬಂದ ಮ್ಯಾಲ ಊರಿಗಿ ಜೀವ ಬಂತು ಅಂತೀರಿಲ್ಲೋ? ಊರೇನು ಮರಿ ಹಾಕ್ತದೇನು?" ಎಂದ. ಸುತ್ತಲಿನವರು ನಕ್ಕರು. ಮಾತಿಗೆ ಎರಡು ಅರ್ಥವಿರುತ್ತದೆ ಎಂಬುದನ್ನು ಕಾಲೇಜಿನಲ್ಲಿ ನಾಲ್ಕು ವರ್ಷ ಓದಿದವನು ನಾನು. ಅದನ್ನು ಮಗುವೊಂದರ ಬಾಯಲ್ಲಿ ಕೇಳಿದಾಗ ಗುರುತಿಸಲಿಲ್ಲ.

ಅಷ್ಟರಲ್ಲಿ ಅಮೀರ್ಬೀ ಮಗನಿಗೆ ರೊಟ್ಟಿ ತಂದಳು. ನನ್ನನ್ನು ನೋಡಿ ಸೆರಗು ಸರಿಮಾಡಿಕೊಂಡು, "ಗುರುದೇವಿ ಹೆಂಗದಾಳ್ರಿ? ಏನಂತಾಳ?" ಎಂದು ಕೇಳಿದಳು. ಸಾಯಬಣ್ಣ ಹೇಳಿದ್ದನ್ನು ಹಾಗೆಯೇ ಹೇಳಿದೆ. ಬುಟ್ಟಿಯ ಅರಿವೆ ಬಿಚ್ಚುತ್ತಿದ್ದ ಅವಳ ಕೈ ನಿಂತಿತು. "ಬಾಳಂತನ ನಾ ಮಾಡೀನಿ. ಆಕಿ ಮೈಯಾಗ ಏನೂ ದೋಷ ಇದ್ದಿಲ್ಲ" ಎಂದಳು. ಮತ್ತೆ ಅರಿವೆ ಬಿಚ್ಚುತ್ತ, "ನೀವು ಓದಿದವರು ಅದೀರಿ ಬೇಟಾ. ನಾ ಏನು ಹೇಳ್ಲಿ" ಎಂದು ರೊಟ್ಟಿಗೆ ಚಟ್ನಿ ಹಚ್ಚಿಕೊಟ್ಟಳು. ತಿಂದು ಬಂದೆ.

ಮರುದಿನ ತರಗತಿಯಲ್ಲಿ ಲತೀಫಾಳನ್ನು ಎಬ್ಬಿಸಿ, "ಬಡಿದು ನೋಡದೆ ನಿನ್ನದು ತಪ್ಪು ಅಂದೆ, ಅದು ನನ್ನ ತಪ್ಪು" ಎಂದೆ. ಮಾಸ್ತರ್ ಹಾಗೆ ಹೇಳಿದ್ದನ್ನು ಅವರು ಕೇಳಿರಲಿಲ್ಲ. ಜಟ್ಟೆಪ್ಪ ಪಕ್ಕದವನಿಗೆ, "ಹಂಗಾದ್ರ ಕಲ್ಲಿಗಿ ಜೀವ ಅದನೋ ಇಲ್ಲೋ?" ಎಂದು ಕೇಳಿದ. ಅದನ್ನು ನಾವೇ ಕಂಡುಹಿಡಿಯೋಣ ಎಂದೆ.

ಇವತ್ತು ನಿನ್ನ ಜೋಳ ತೆಗೆದುಕೊಂಡು ಹೋದೆ. ಒಂದು ಕಾಳು ಕೈಯಲ್ಲಿ ಹಿಡಿದು, ಇದು ಯಾವ ಸಾಲಿಗೆ ಎಂದು ಕೇಳಿದೆ. ಉಣ್ಣುವುದಿಲ್ಲ, ಅಲ್ಲಾಡುವುದಿಲ್ಲ, ಕಲ್ಲಿಗೂ ಇದಕ್ಕೂ ಏನು ಫರಕು? ಒಕ್ಕಲುತನದ ಮನೆಯ ಮಕ್ಕಳಿಗೆ ನಗು ಬಂತು. ಬಿತ್ತುವ ಮುಂಚೆ ಮನೆಯಲ್ಲಿ ಒದ್ದೆ ಅರಿವೆಯಲ್ಲಿ ಕಟ್ಟಿ ನೋಡುತ್ತಾರೆ ಎಂದರು. ಅದೇ ಸರಿ ಎಂದು, ಇಪ್ಪತ್ತೊಂದು ಕಾಳು ಎಣಿಸಿ ನಿನ್ನ ಅದೇ ಕುಪ್ಪಸದ ಬಟ್ಟೆಯನ್ನು ನೆನೆಸಿ ಕಟ್ಟಿ ಕಿಟಕಿಗೆ ತೂಗುಹಾಕಿದ್ದೇವೆ. ನೀರು ಚಿಮುಕಿಸುವ ಕೆಲಸ ಲತೀಫಾಳದು. ಅವಳು ಅದರ ಕೆಳಗಿಂದ ಕದಲುವುದಿಲ್ಲ.

ಈ ಸಲವೂ ಬರೆಯಬೇಕಾದದ್ದು ಬರೆಯಲಿಲ್ಲ. ಕೈ ಅಲ್ಲಿಗೆ ಬಂದು ನಿಲ್ಲುತ್ತದೆ. ಇನ್ನೊಂದಿಷ್ಟು ದಿನ ತಾಳು.

ತಂದೆತಾಯಿಗೆ ಶರಣಾರ್ಥಿ ತಿಳಿಸು.

ನಿನ್ನ
ರೇವಣಪ್ಪ

*

ಶಹಾಬಾದ
ಶುಕ್ರವಾರ, ೨೪ ಸೆಪ್ಟೆಂಬರ್ ೧೯೫೪

ಪ್ರೀತಿಯ ಗುರುದೇವಿ,

ನಿನ್ನ ಬೀಜಗಳ ಸುದ್ದಿಗೆ ಕಾಯುತ್ತಿರುತ್ತೀ ಎಂದು ನನ್ನಷ್ಟಕ್ಕೆ ನಾನೇ ನಂಬಿಕೊಂಡು ಬರೆಯುತ್ತಿದ್ದೇನೆ. ತಡ ಮಾಡಿದ್ದು ಬೇಕೆಂದೇ. ಇಪ್ಪತ್ತೊಂದನೆಯ ಕಾಳಿನ ವಿಷಯ ತೀರ್ಮಾನವಾಗಲಿ ಎಂದು.

ಮೂರನೆಯ ದಿನ ಅರಿವೆ ಬಿಚ್ಚಿದಾಗ ಮೂವತ್ತು ತಲೆಗಳು ಒಂದರ ಮೇಲೊಂದು ಬಿದ್ದವು. ಇಪ್ಪತ್ತು ಕಾಳು ಬಿಳಿ ಬಾಲ ಬಿಟ್ಟಿದ್ದವು. "ಚಿಂಚೋಳಿ ಜ್ವಾಳ ಭಾಳ ಜ್ವಾರ ಅದ" ಎಂದು ಜಟ್ಟೆಪ್ಪ ಸರ್ಟಿಫಿಕೇಟು ಕೊಟ್ಟ. ಅವನ್ನು ಜೀವಿಗಳ ಸಾಲಿನಲ್ಲಿ ಇಡಲು ಯಾರದೂ ತಕರಾರಿರಲಿಲ್ಲ. ಇಪ್ಪತ್ತೊಂದನೆಯದೂ ಮೊಳೆತಿತ್ತು. ಸೂಜಿಯ ಮೊನೆಯಷ್ಟು, ಅಷ್ಟೇ. ಇನ್ನೆರಡು ದಿನ ಕಟ್ಟಿ ಇಟ್ಟೆವು. ಉಳಿದವು ಬೆರಳುದ್ದವಾದವು. ಅದು ಇದ್ದಲ್ಲೇ ನಿಂತು, ಆಮೇಲೆ ಕಪ್ಪಾಯಿತು.

ಇದನ್ನು ಯಾವ ಸಾಲಿಗೆ ಇಡಬೇಕು?

"ಸತ್ತದ್ದು ಸತ್ತೇ ಹೋತು, ಕಲ್ಲಿನ ಸಾಲಿಗಿ ಒಗೀರಿ" ಎಂದ ಜಟ್ಟೆಪ್ಪ. ಪುಸ್ತಕದಲ್ಲಿ ಇರುವುದು ಎರಡೇ ಸಾಲು. ನಾನು ಕಾಳನ್ನು ಎತ್ತಿ ಬೀಗದ ಕೈ, ಬೆಂಕಿಪೊಟ್ಟಣಗಳ ಪಕ್ಕಕ್ಕೆ ಇಡಲು ಹೋದೆ.

"ಅಲ್ಲಿ ಇಡಬ್ಯಾಡ್ರಿ ಸರ್" ಎಂದಳು ಲತೀಫಾ.

"ಯಾಕೆ?"

"ಬೀಗದ ಕೈ ಎಂದಾದ್ರೂ ಸತ್ತದೇನ್ರಿ?" ಎಂದಳು. ಅವಳು ಬಂದು ನನ್ನ ಬೊಟ್ಟಿನಿಂದ ಕಾಳನ್ನು ತನ್ನ ಅಂಗೈಗೆ ತೆಗೆದುಕೊಂಡಳು. "ಇದು ಸತ್ತದ ಅಂದ್ರ ಮದಲ ಇತ್ತು. ನಾ ನೋಡೀನಿ. ಮೊಳಕಿ ಬಂದಿತ್ತು. ಹುಟ್ಟಿದ್ದೇ ಸಾಯ್ತದ. ಹುಟ್ಟಲಾರದ್ದರ ಜೋಡಿ ಇದನ್ನ ಹೆಂಗ ಇಡ್ತೀರಿ?"

"ಹಂಗಾದ್ರ ನಿನ್ನ ಕಲ್ಲು?" ಎಂದ ಜಟ್ಟೆಪ್ಪ, ಬಿಡದೆ.

ಲತೀಫಾ ಜೀವಿಗಳ ಸಾಲಿನಿಂದ ತನ್ನ ಪರಸಿ ಚೂರನ್ನು ತಾನೇ ಎತ್ತಿದಳು. ಮೂರು ವಾರ ಯಾರಿಗೂ ಮುಟ್ಟಗೊಡದೆ ಕಾಯ್ದುಕೊಂಡ ಕಲ್ಲು ಅದು. ಬೆರಳಿನ ಗೆಣ್ಣಿನಿಂದ ಒಮ್ಮೆ ಬಡಿದು ಕೇಳಿ, ಬೀಗದ ಕೈಯ ಪಕ್ಕ ಇಟ್ಟಳು. "ದನಿ ಅದ. ಆದ್ರ ಹುಟ್ಟಿಲ್ಲ" ಎಂದಳು. ಆಮೇಲೆ ನನ್ನ ಕೈಯಿಂದ ಸುಣ್ಣದ ಕಡ್ಡಿ ಇಸಿದುಕೊಂಡು, ನನ್ನ ಎರಡು ಗೆರೆಗಳ ನಡುವೆ ಇನ್ನೊಂದು ಗೆರೆ ಎಳೆದು ಕಾಳನ್ನು ಅಲ್ಲಿ ಇಟ್ಟಳು.

ಅದಾದ ಮೇಲೆ ತರಗತಿ ನನ್ನ ಕೈಯಲ್ಲಿ ಉಳಿಯಲಿಲ್ಲ. ಕೋಳಿಯ ಪುಕ್ಕ ಕಲ್ಲಿನ ಸಾಲಿನಿಂದ ಮೂರನೆಯ ಸಾಲಿಗೆ ಬಂತು. ಒಣ ಎಲೆ ಬಂತು. ಬೆಂಕಿಪೊಟ್ಟಣದಿಂದ ಕಡ್ಡಿಗಳನ್ನು ತೆಗೆದು, ಇವು ಒಮ್ಮೆ ಗಿಡವಾಗಿದ್ದವು ಎಂದು ತಂದರು. ಬಾಗಿಲಲ್ಲಿ ಬಿಟ್ಟಿದ್ದ ನನ್ನ ಚಪ್ಪಲಿಗಳೂ ಎಮ್ಮೆಯ ಲೆಕ್ಕದಲ್ಲಿ ಬಂದವು. ಗದ್ದಲ ಕೇಳಿ ದಸ್ತಗೀರ ಸಾಹೇಬರು ಎದ್ದು ಬಂದರು. ಸ್ವಲ್ಪ ಹೊತ್ತು ನಿಂತು ನೋಡಿದರು. ಕಿಸೆಯಿಂದ ತಮ್ಮ ಜೊಂಡಿನ ಕಡ್ಡಿಯ ಲೇಖನಿ ತೆಗೆದು, ಬಗ್ಗಿ, ಅದೇ ಸಾಲಿನಲ್ಲಿ ಇಟ್ಟರು. ಅವರ ಉಸ್ತಾದರು ಕೊಟ್ಟದ್ದಂತೆ. "ಈ ಸಾಲಿಗಿ ಏನು ಹೆಸರು ಇಟ್ಟೀರಿ?" ಎಂದು ಕೇಳಿದರು.

ನಾನು ಒಳ್ಳೆಯ ಸಂಸ್ಕೃತ ಶಬ್ದವೊಂದನ್ನು ಹುಡುಕುತ್ತಿದ್ದೆ. ಅಷ್ಟರಲ್ಲಿ ಲತೀಫಾ ಹೇಳಿದಳು, "ಇದ್ದವು."

ಅದನ್ನೇ ಬೋರ್ಡಿನ ಮೇಲೆ ಬರೆದೆ. ಇರುವವು, ಇದ್ದವು, ಇಲ್ಲದವು ಎಂದು ಮಕ್ಕಳು ಪಾಟಿಯ ಮೇಲೆ ಬರೆದುಕೊಂಡರು. ಸಂಜೆ ಮೊಳಕೆಗಳನ್ನು ಶಾಲೆಯ ಹಿತ್ತಲಲ್ಲಿ ನೆಟ್ಟರು. ಇಪ್ಪತ್ತೊಂದನೆಯ ಕಾಳನ್ನು ಲತೀಫಾ ಕಾಗದದಲ್ಲಿ ಮಡಚಿ ನನಗೆ ಕೊಟ್ಟು, "ಕಳಿಸಿದವರಿಗಿ ವಾಪಸ್ ಕಳಸ್ರಿ, ಅವರ ಜ್ವಾಳದಾಗಿಂದೇ ಅದ" ಎಂದಳು. ಅದು ಈ ಲಕೋಟೆಯಲ್ಲಿದೆ. ಬಿಚ್ಚುವಾಗ ಜೋಪಾನ, ಬಹಳ ಸಣ್ಣದು.

ಮನೆಗೆ ಬಂದು ಬಹಳ ಹೊತ್ತು ನಿನ್ನ ದಾಸವಾಳದ ಹತ್ತಿರ ಕೂತಿದ್ದೆ. ಇವತ್ತು ಬರೆಯದಿದ್ದರೆ ನಾಳೆ ಆ ಹುಡುಗಿಯ ಎದುರು ನಿಂತು ಪಾಠ ಹೇಳುವ ಮುಖ ನನಗಿಲ್ಲ. ಮೇಲೆ ಬರೆದದ್ದೆಲ್ಲ ಶಾಲೆಯ ಸುದ್ದಿ. ಪತ್ರ ಕೆಳಗಿದೆ.

ನೀನು ಸುಖವಾಗಿರು. ಬಸವಣ್ಣ ನಿನ್ನನ್ನು ಕಾಯಲಿ. ಇದನ್ನು ಓದಿದ ಮೇಲೆ ನನ್ನ ಮೇಲೆ ಎಷ್ಟು ಸಿಟ್ಟು ಬಂದರೂ ಊಟ ಬಿಡಬೇಡ.

ನಿನ್ನ
ರೇವಣಪ್ಪ

ತಾ.ಕ.: ಕೂಸು ಅತ್ತಿತ್ತು, ಗುರುದೇವಿ.

ಆ ದಿನ ಮುಂಜಾನೆ, ತವರಿಗೆ ಹೊರಡಲು ಇನ್ನೂ ಹತ್ತು ದಿನವಿರುವಾಗಲೇ ನಿನಗೆ ನೋವು ಬಂತು. ಹೆತ್ತ ಕ್ಷಣಕ್ಕೆ ನಿನಗೆ ಎಚ್ಚರ ತಪ್ಪಿತು. ನಾನು ಬಿಸಿನೀರಿನ ಪಾತ್ರೆ ಹಿಡಿದು ಬಾಗಿಲ ಹೊರಗೆ ನಿಂತಿದ್ದೆ. ಒಂದು ದನಿ ಕೇಳಿಸಿತು. ಒಂದೇ ಸಲ. ಅಮೀರ್ಬೀ ನನ್ನನ್ನು ಒಳಗೆ ಕರೆದು ಕೂಸನ್ನು ನನ್ನ ಕೈಗೆ ಕೊಟ್ಟು, ಉಳಿಯುವುದಿಲ್ಲ ಎಂದಳು. ಮಗಳು ಕಣ್ಣು ತೆರೆದಿದ್ದಳು. ನನ್ನ ಕಿರುಬೆರಳು ಹಿಡಿದಿದ್ದಳು. ಪಾತ್ರೆಯ ನೀರು ಆರುವುದರೊಳಗೆ ಹೋದಳು.

ಎಂಟನೆಯ ತಿಂಗಳಲ್ಲಿ ಸ್ವಾಮಿಗಳು ನಿನ್ನ ಗರ್ಭಕ್ಕೆಂದು ಕೊಟ್ಟ ಸಣ್ಣ ಲಿಂಗವನ್ನು ಮಠಕ್ಕೆ ಹಿಂತಿರುಗಿಸಿದೆ ಎಂದು ನಿನಗೆ ಹೇಳಿದ್ದೆ. ಅದೂ ಸುಳ್ಳು. ಉಸಿರಿರುವಾಗಲೇ ಅವಳ ಕೊರಳಿಗೆ ಕಟ್ಟಿದೆ. ಹೆಣ್ಣಾದರೆ ಇಡಬೇಕೆಂದು ನೀನು ಹೇಳಿದ್ದ ಹೆಸರನ್ನೇ ಕಿವಿಯಲ್ಲಿ ಹೇಳಿದೆ. ನೀಲಮ್ಮ. ಲಿಂಗ ಅವಳ ಜೊತೆಗೇ ಇದೆ, ಕಾಗಿಣಾ ದಂಡೆಯ ಬೇವಿನ ಗಿಡದ ಕೆಳಗೆ.

ಎಚ್ಚರವಾದಾಗ ನೀನು ಕೇಳಿದ್ದು ಒಂದೇ ಮಾತು, "ಅತ್ತಿತೇನ್ರಿ?" ನಾನು ಇಲ್ಲ ಎಂದೆ. ಬಾರದೆ ಇದ್ದ ಕೂಸಿನ ದುಃಖ, ಬಂದು ಹೋದ ಕೂಸಿನ ದುಃಖಕ್ಕಿಂತ ಸಣ್ಣದಿರುತ್ತದೆ ಎಂದು ತಿಳಿದಿದ್ದೆ. ಹಾಗೇ ಹೇಳೆಂದು ಅಮೀರ್ಬೀಯನ್ನೂ ಬೇಡಿಕೊಂಡೆ. "ಕೇಳಿದ್ರ ಸುಮ್ಕಿರ್ತೀನಿ. ಸುಳ್ಳು ಮಾತ್ರ ನಿಮ್ಮದು ಬೇಟಾ, ನಂದಲ್ಲ" ಎಂದಳು. ನಾನು ಹಗುರ ಮಾಡಿದೆ ಎಂದುಕೊಂಡ ಭಾರವನ್ನು ನೀನು ನಿನ್ನ ಹೊಟ್ಟೆಯ ಮೇಲೆ ಹೊತ್ತುಕೊಂಡು ಏಳು ತಿಂಗಳು ಕೂತೆ.

ನಿನ್ನ ಹೊಟ್ಟೆಯಲ್ಲಿ ಅವಳು ಬದುಕಿದ್ದಳು. ಹೊರಗೆ ಬಂದ ಮೇಲೂ ಇದ್ದಳು.

ಅಕ್ಟೋಬರ್ ೩ರ ಭಾನುವಾರದ ಬಸ್ಸಿಗೆ ಚಿಂಚೋಳಿಗೆ ಬರುತ್ತೇನೆ. ನೀನು ಹೊರಗೆ ಬರದಿದ್ದರೆ ಕಟ್ಟೆಯ ಮೇಲೆ ಕೂತು, ಸಂಜೆಯ ಬಸ್ಸಿಗೆ ವಾಪಸ್ ಬರುತ್ತೇನೆ. ಮುಂದಿನ ಭಾನುವಾರ ಮತ್ತೆ ಬರುತ್ತೇನೆ. ಬಂದರೆ, ಆ ದನಿ ಹೇಗಿತ್ತೆಂದು ಹೇಳಬೇಕು. ಬರೆಯಲು ನೋಡಿದೆ, ನಾನು ಓದಿದ ಮಾತುಗಳಲ್ಲಿ ಅದಕ್ಕೆ ಹೊಂದುವುದು ಸಿಗಲಿಲ್ಲ. ಎದುರಿಗೆ ಕೂತರೆ ಬಂದೀತು. ಅದನ್ನು ಕೇಳಿದವರು ನಾನು, ಅಮೀರ್ಬೀ ಇಬ್ಬರೇ. ಮೂರನೆಯವಳು ನೀನಾಗಬೇಕಿತ್ತು.